ಮಲೆನಾಡಿನಲ್ಲಿ ಹಳೆಯ ಉಡುಪುಗಳ ದಿನಬಳಕೆ

ಹಳೆಯ ಉಡುಪುಗಳ ದಿನಬಳಕೆ ಎಂದರೆ ಹಿಂದಿನ ತಲೆಮಾರಿನವರು ಉಟ್ಟು ಉಳಿಸಿದ ಸೀರೆ, ಪಂಚೆ, ಶಲ್ಯ, ರವಿಕೆ, ಕೋಟು, ಕಂಬಳಿ, ಒಡವೆ ಮೊದಲಾದವನ್ನು ಪೆಟ್ಟಿಗೆಯಲ್ಲಿ ಕೇವಲ ನೆನಪಿನ ವಸ್ತುಗಳಾಗಿ ಇಡದೆ, ಇಂದಿನ ನಿತ್ಯದ ಉಡುಗೆಯಲ್ಲಿ ಬಳಸುವುದು. ನಗರಗಳಲ್ಲಿ ಇದು ವಿಂಟೇಜ್ ಉಡುಪು ಎಂಬ ಹೆಸರಿನಿಂದ ಪರಿಚಿತವಾಗಿದೆ. ಕರ್ನಾಟಕದ ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸದ ಕಾಫಿ ಸೀಮೆಯಲ್ಲಿ ಇದಕ್ಕೆ ಪ್ರತ್ಯೇಕ ಹೆಸರಿಲ್ಲ. ಅಜ್ಜಿಯ ಸೀರೆಯನ್ನು ಮೊಮ್ಮಗಳು ಹಬ್ಬಕ್ಕೆ ಉಡುವುದು, ಹಳೆಯ ಅಂಗಿಯನ್ನು ತೋಟದ ಕೆಲಸಕ್ಕೆ ತೊಡುವುದು, ಸವೆದ ಸೀರೆಗಳನ್ನು ಕೌದಿಯಾಗಿ ಹೊಲಿಯುವುದು ಇವೆಲ್ಲ ಇಲ್ಲಿ ಬಹುಕಾಲದಿಂದ ನಡೆದುಬಂದಿವೆ.

ಈ ಪ್ರದೇಶದಲ್ಲಿ ಹಳೆಯ ಬಟ್ಟೆಗೆ ಉಡುವುದರಿಂದ ಆಗುವ ಸವೆತಕ್ಕಿಂತ ಉಡದೆ ಮುಚ್ಚಿಡುವುದರಿಂದ ಆಗುವ ಹಾನಿ ಹಲವು ವೇಳೆ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಪೆಟ್ಟಿಗೆಯೊಳಗಿನ ಬಟ್ಟೆಗೆ ತೇವ, ಬೂಷ್ಟು ಮತ್ತು ಹುಳುಗಳ ಬಾಧೆ ತಗಲುತ್ತದೆ. ಆಗಾಗ ತೆಗೆದು, ಗಾಳಿಗೆ ಹಾಕಿ, ಮಡಿಕೆ ಬದಲಿಸಿ, ಎಚ್ಚರಿಕೆಯಿಂದ ಉಟ್ಟ ಬಟ್ಟೆಯೇ ಹೆಚ್ಚು ಕಾಲ ಉಳಿಯುತ್ತದೆ.

ಪದ ಮತ್ತು ವ್ಯಾಪ್ತಿ

ವಿಂಟೇಜ್ ಎಂಬುದು ಮೂಲತಃ ದ್ರಾಕ್ಷಿಯ ಕೊಯ್ಲಿಗೂ ಆ ವರ್ಷದ ದ್ರಾಕ್ಷಾರಸಕ್ಕೂ ಸಂಬಂಧಿಸಿದ ಪದ. ಉಡುಪಿನ ವ್ಯಾಪಾರದಲ್ಲಿ ಸಾಮಾನ್ಯವಾಗಿ 20 ವರ್ಷಕ್ಕಿಂತ ಹಳೆಯದಾದ ಮತ್ತು 100 ವರ್ಷ ತುಂಬದ ಉಡುಪನ್ನು ಈ ಹೆಸರಿನಿಂದ ಕರೆಯುತ್ತಾರೆ. ನೂರು ವರ್ಷ ಮೀರಿದವು ಪುರಾತನ ವಸ್ತುಗಳೆನಿಸುತ್ತವೆ. ಹಳೆಯ ಮಾದರಿಯನ್ನು ಅನುಸರಿಸಿ ಹೊಸದಾಗಿ ತಯಾರಿಸಿದ ಉಡುಪಿಗೆ ರೆಟ್ರೊ ಎಂಬ ಹೆಸರಿದೆ. ಈ ವಿಂಗಡಣೆ ವ್ಯಾಪಾರದ ರೂಢಿಯೇ ಹೊರತು ಕಾನೂನಿನ ನಿಯಮವಲ್ಲ.

ಕನ್ನಡದಲ್ಲಿ ಹಳೆಯ ಉಡುಪಿಗೆ ಸಂಬಂಧಿಸಿದ ಪದಸಂಪತ್ತು ವಿಪುಲವಾಗಿದೆ. ಸೀರೆಗೆ ಪತ್ತಲ ಎಂಬ ಹೆಸರೂ, ರವಿಕೆಗೆ ಕುಪ್ಪಸ, ಕುಬುಸ ಎಂಬ ಹೆಸರುಗಳೂ ಇವೆ. ಸೀರೆಯ ಮುಖ್ಯ ಭಾಗ ಒಡಲು, ಬದಿಯ ಪಟ್ಟಿ ಅಂಚು, ಹೆಗಲ ಮೇಲೆ ಬರುವ ತುದಿ ಸೆರಗು, ಸೊಂಟದ ಬಳಿ ಮಡಿಸಿ ಸಿಕ್ಕಿಸುವ ಭಾಗ ನಿರಿಗೆ. ಪೂಜೆಯ ಸಮಯದಲ್ಲಿ ಪುರುಷರು ಉಡುವ ರೇಷ್ಮೆ ವಸ್ತ್ರ ಮಗುಟ. ಇಂತಹ ಪದಗಳಲ್ಲಿ ಹಲವು ಆಯಾ ಉಡುಪಿನೊಡನೆಯೇ ಬಳಕೆಯಿಂದ ಸರಿಯುತ್ತಿವೆ.

ಪ್ರಾದೇಶಿಕ ಹಿನ್ನೆಲೆ

ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆ ಎಂಬ ಹೆಸರಿತ್ತು. ಜಿಲ್ಲೆಯ ಪೂರ್ವಕ್ಕೆ ಬಯಲುಸೀಮೆ, ಪಶ್ಚಿಮಕ್ಕೆ ಪಶ್ಚಿಮಘಟ್ಟದ ಮಲೆನಾಡು ಇದೆ. ಮೂಡಿಗೆರೆಯಲ್ಲಿ ವರ್ಷಕ್ಕೆ 2000 ಮಿ.ಮೀ.ಗೂ ಹೆಚ್ಚು ಮಳೆಯಾದರೆ, ಕಡೂರಿನಲ್ಲಿ ಅದರ ಮೂರನೆಯ ಒಂದು ಪಾಲಿನಷ್ಟೂ ಆಗುವುದಿಲ್ಲ. ಆದ್ದರಿಂದ ಒಂದೇ ಜಿಲ್ಲೆಯ ಎರಡು ಮನೆಗಳಲ್ಲಿ ಒಂದೇ ಕಾಲದ ಸೀರೆಗಳು ಬೇರೆ ಬೇರೆ ಸ್ಥಿತಿಯಲ್ಲಿ ಉಳಿದಿರಬಹುದು.

ಕಾಫಿ ಬೆಳೆ ಈ ಸೀಮೆಗೆ ಬಾಬಾಬುಡನ್‌ಗಿರಿಯ ಮೂಲಕ ಬಂದಿತೆಂಬುದು ಜನಜನಿತ ಐತಿಹ್ಯ. 19ನೇ ಶತಮಾನದಲ್ಲಿ ಯುರೋಪಿಯನ್ ತೋಟಗಾರರು ಇಲ್ಲಿ ದೊಡ್ಡ ತೋಟಗಳನ್ನು ಮಾಡಿದರು. ಅವರ ಜೊತೆಯಲ್ಲಿ ಖಾಕಿ ಬಟ್ಟೆ, ಉಣ್ಣೆಯ ಕೋಟು, ಟೋಪಿ, ಬೂಟುಗಳು ಬಂದವು. ತೋಟದ ಕೆಲಸಕ್ಕೆ ಕರಾವಳಿಯಿಂದಲೂ ಘಟ್ಟದ ಕೆಳಗಿನ ಊರುಗಳಿಂದಲೂ ಕಾರ್ಮಿಕರು ಬಂದುದರಿಂದ ಉಡುವ ಕ್ರಮಗಳೂ ಬೆರೆತವು. ಹೀಗಾಗಿ ಇಲ್ಲಿನ ಹಳೆಯ ಪೆಟ್ಟಿಗೆಗಳಲ್ಲಿ ಕೈಮಗ್ಗದ ಸೀರೆ, ಮಗುಟ, ಉಣ್ಣೆಯ ಕೋಟು ಮತ್ತು ಕಂಬಳಿ ಒಟ್ಟಿಗೇ ದೊರೆಯುವುದುಂಟು.

ಹಳೆಯ ಉಡುಪನ್ನು ಉಳಿಸಿಕೊಳ್ಳುವ ಅನುಕೂಲ ಎಲ್ಲರಿಗೂ ಸಮನಾಗಿರಲಿಲ್ಲ. ರೇಷ್ಮೆ ಸೀರೆ, ಮರದ ಪೆಟ್ಟಿಗೆ, ಸೋರದ ಮಾಡು ಇವು ಜಮೀನು ಉಳ್ಳ ಮನೆಗಳಲ್ಲಿದ್ದವು. ತೋಟದ ಲೈನ್ ಮನೆಗಳಲ್ಲಿ ವಾಸಿಸಿದ ಕಾರ್ಮಿಕ ಕುಟುಂಬಗಳು ಇದ್ದ ಬಟ್ಟೆಯನ್ನು ಹರಿಯುವವರೆಗೆ ಉಟ್ಟು, ಹರಿದ ಮೇಲೆ ಹೊದಿಕೆಯಾಗಿ, ಕೊನೆಗೆ ಒರೆಸುವ ಅರಿವೆಯಾಗಿ ಬಳಸಿದವು. ಆದ್ದರಿಂದ ಇಂದು ಉಳಿದಿರುವ ಹಳೆಯ ಉಡುಪುಗಳು ಆ ಕಾಲದ ಎಲ್ಲ ಜನರ ಉಡುಗೆಯನ್ನು ಪ್ರತಿನಿಧಿಸುತ್ತವೆ ಎಂದು ಭಾವಿಸಲಾಗದು.

ಮನೆಗಳಲ್ಲಿ ಕಂಡುಬರುವ ಹಳೆಯ ಉಡುಪುಗಳು

ಗೊಬ್ಬೆ ಸೀರೆ

ಗೊಬ್ಬೆ ಸೀರೆ ಎಂಬುದು ಮಲೆನಾಡಿನ ಮಹಿಳೆಯರು ಸೀರೆ ಉಡುತ್ತಿದ್ದ ಒಂದು ಕ್ರಮ. ಇದಕ್ಕೆ 18 ಮೊಳದ ಸೀರೆ ಬೇಕು. ಮೊಳಕ್ಕೆ ಒಂದೂವರೆ ಅಡಿಯಂತೆ ಲೆಕ್ಕ ಹಾಕಿದರೆ ಇದು 27 ಅಡಿ, ಅಂದರೆ 9 ಗಜವಾಗುತ್ತದೆ. ಸೀರೆಯನ್ನು ಸೊಂಟಕ್ಕೆ ಮೂರು ನಾಲ್ಕು ಸುತ್ತು ಸುತ್ತಿ, ಹೆಗಲ ಮೇಲೆ ಅಡ್ಡಲಾಗಿ ತಂದು ಗಂಟು ಹಾಕುತ್ತಾರೆ. ಸೆರಗು ಜಾರದೆ ಎರಡು ಕೈಗಳೂ ಬಿಡುವಾಗಿರುವುದರಿಂದ ಗದ್ದೆ, ತೋಟ ಮತ್ತು ಕೊಟ್ಟಿಗೆಯ ಕೆಲಸಕ್ಕೆ ಇದು ಅನುಕೂಲವಾಗಿತ್ತು. 6 ಗಜದ ಸೀರೆಯನ್ನು ನಿರಿಗೆ ಹಿಡಿದು ಉಡುವ ಕ್ರಮ ಹರಡಿದ ಮೇಲೆ ಇದು ದಿನಬಳಕೆಯಿಂದ ಸರಿಯಿತು. ಈಚೆಗೆ ಮದುವೆ, ಉತ್ಸವ ಮತ್ತು ಜಾನಪದ ಕಾರ್ಯಕ್ರಮಗಳಲ್ಲಿ ಇದನ್ನು ಮತ್ತೆ ಉಡುತ್ತಿದ್ದಾರೆ.

ರೇಷ್ಮೆ ಸೀರೆಗಳು

ಮೈಸೂರು ರೇಷ್ಮೆ ಸೀರೆ ಹಳೆಯ ಮೈಸೂರು ಸಂಸ್ಥಾನದ ಭಾಗವಾಗಿದ್ದ ಈ ಜಿಲ್ಲೆಗೆ ಚಿರಪರಿಚಿತ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1912ರಲ್ಲಿ, ಮೈಸೂರಿನಲ್ಲಿ ಸರ್ಕಾರಿ ರೇಷ್ಮೆ ನೇಯ್ಗೆ ಕಾರ್ಖಾನೆ ಆರಂಭವಾಯಿತು. 1980ರಲ್ಲಿ ಅದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮಕ್ಕೆ ಸೇರಿತು. ಹೊಸೆದ ನೂಲಿನ ಕ್ರೇಪ್ ನೇಯ್ಗೆ, ಒಂದೇ ಬಣ್ಣದ ಸರಳ ಒಡಲು ಮತ್ತು ಜರಿಯ ಅಂಚು ಇದರ ಲಕ್ಷಣಗಳು. ಹಗುರವಾಗಿಯೂ ಮೈಗೆ ಹೊಂದಿಕೊಂಡೂ ಇರುವುದರಿಂದ ಹಳೆಯ ರೇಷ್ಮೆಗಳಲ್ಲಿ ನಿತ್ಯದ ಉಡುಗೆಗೆ ಹೆಚ್ಚು ಒಗ್ಗುವ ಸೀರೆ ಇದು. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರಿನ ಕೈಮಗ್ಗದ ರೇಷ್ಮೆ ಸೀರೆಗಳು ಇದಕ್ಕಿಂತ ಭಾರವಾದವು. ಮದುವೆಯಲ್ಲಿ ವಧುವಿಗೆ ಉಡಿಸುವ ಧಾರೆ ಸೀರೆಯನ್ನು ಮಹಿಳೆಯರು ಜೀವನಪರ್ಯಂತ ಜೋಪಾನ ಮಾಡುವುದು ರೂಢಿ.

ಹತ್ತಿ ಸೀರೆಗಳು

ಕರಾವಳಿಯ ಉಡುಪಿ ಸೀರೆ ಮತ್ತು ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆ ಮಲೆನಾಡಿನಲ್ಲಿಯೂ ಪರಿಚಿತ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ನೂಲನ್ನೂ ಸೆರಗಿನ ಹಾಸು ನೂಲನ್ನೂ ಕೊಂಡಿ ಹಾಕಿ ಜೋಡಿಸಿ ನೇಯುತ್ತಾರೆ. ಹಳೆಯ ಇಳಕಲ್ ಸೀರೆಯನ್ನು ಪರೀಕ್ಷಿಸುವಾಗ ಮೊದಲು ಈ ಕೊಂಡಿಯ ಸಾಲನ್ನು ನೋಡಬೇಕು. ಹತ್ತಿಯ ಒಡಲು ಮತ್ತು ರೇಷ್ಮೆಯ ಸೆರಗು ಬೇರೆ ಬೇರೆ ರೀತಿಯಲ್ಲಿ ಸವೆಯುವುದರಿಂದ ಆ ಸಾಲಿನ ಮೇಲೆ ಸೆಳೆತ ಹೆಚ್ಚು.

ಪುರುಷರ ಉಡುಪುಗಳು

ಕಚ್ಚೆ ಪಂಚೆ, ಶಲ್ಯ, ಮಗುಟ, ಕರಿಯ ಕೋಟು, ಜರಿಯ ಪೇಟ ಮತ್ತು ಖಾದಿ ಜುಬ್ಬಾಗಳು ಹಳೆಯ ಪೆಟ್ಟಿಗೆಗಳಲ್ಲಿ ಉಳಿದಿರುತ್ತವೆ. ಇವುಗಳಲ್ಲಿ ಪಂಚೆ ಮತ್ತು ಶಲ್ಯಗಳ ಬಳಕೆ ಇಂದಿಗೂ ನಿಂತಿಲ್ಲ. ಕಳಸದ ಬಳಿಯ ಹೊರನಾಡಿನ ಅನ್ನಪೂರ್ಣೇಶ್ವರಿ ದೇವಾಲಯದಲ್ಲಿ ಪುರುಷರು ಅಂಗಿ ತೆಗೆದು ಶಲ್ಯ ಹೊದ್ದು ದರ್ಶನ ಪಡೆಯುವ ಪದ್ಧತಿಯಿದೆ. ಉಣ್ಣೆಯ ಹಳೆಯ ಕೋಟು, ಸ್ವೆಟರ್‌ಗಳು ಡಿಸೆಂಬರ್ ಮತ್ತು ಜನವರಿಯ ಬೆಳಗಿನ ಚಳಿಗೆ ಉಪಯುಕ್ತ.

ಕಂಬಳಿ ಮತ್ತು ಗೊರಬು

ಡೆಕ್ಕನಿ ಕುರಿಯ ಉಣ್ಣೆಯಿಂದ ಕುರುಬ ಸಮುದಾಯದ ನೇಕಾರರು ನೇಯುವ ಕಂಬಳಿ ಮಲೆನಾಡಿನ ಮಳೆಗಾಲದ ಮುಖ್ಯ ಹೊದಿಕೆಯಾಗಿತ್ತು. ನೂಲಿಗೆ ಹುಣಸೆ ಬೀಜದ ಸರಿಯನ್ನು ಲೇಪಿಸುವುದರಿಂದ ಕಂಬಳಿ ಬಿರುಸಾಗಿ ನಿಲ್ಲುತ್ತದೆ ಮತ್ತು ನೀರು ಬೇಗನೆ ಒಳಗಿಳಿಯುವುದಿಲ್ಲ. ಅದನ್ನು ತಲೆಯ ಮೇಲೆ ಮುಸುಕಾಗಿ ಮಡಿಸಿ ಹೊದೆಯುವುದನ್ನು ಕಂಬಳಿಕೊಪ್ಪೆ ಎನ್ನುತ್ತಾರೆ. ಬಿದಿರಿನ ಸೀಳುಗಳ ನಡುವೆ ಎಲೆ ಅಥವಾ ಗರಿಗಳನ್ನು ಸೇರಿಸಿ ಹೆಣೆದ ಗೊರಬು, ಬಗ್ಗಿ ನಾಟಿ ಮಾಡುವವರ ಬೆನ್ನನ್ನು ಮಳೆಯಿಂದ ಕಾಯುತ್ತಿತ್ತು. ಇವೆರಡರ ಸ್ಥಾನವನ್ನು ಪ್ಲಾಸ್ಟಿಕ್ ಹಾಳೆ ಮತ್ತು ರೈನ್‌ಕೋಟುಗಳು ಬಹುಮಟ್ಟಿಗೆ ಆಕ್ರಮಿಸಿವೆ.

ಉಡುಪಿನ ಕಾಲವನ್ನು ಗುರುತಿಸುವುದು

ಹಳೆಯ ಉಡುಪಿನ ವಯಸ್ಸನ್ನು ಮನೆಯವರ ನೆನಪಿನಿಂದಲೇ ತಿಳಿಯುವುದು ಸಾಮಾನ್ಯ. ಯಾವ ಮದುವೆಗೆ, ಯಾವ ಹೆರಿಗೆಗೆ ತಂದ ಸೀರೆ ಎಂಬುದು ಗೊತ್ತಿದ್ದರೆ ಅದನ್ನು ಚೀಟಿಯಲ್ಲಿ ಬರೆದು ಸೀರೆಯೊಡನೆ ಇಡುವುದು ಒಳ್ಳೆಯದು. ನೆನಪಿನ ಆಧಾರ ಇಲ್ಲದಿದ್ದಾಗ ಈ ಕೆಳಗಿನ ಅಂಶಗಳು ನೆರವಾಗುತ್ತವೆ.

• ಅಳತೆ: 9 ಗಜದ ಸೀರೆ ಸಾಮಾನ್ಯವಾಗಿ 6 ಗಜದ ರೂಢಿ ಹರಡುವ ಮೊದಲಿನದು, ಇಲ್ಲವೆ ಮಡಿಗಾಗಿ ತಂದದ್ದು.

• ಮುದ್ರೆ: ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಮೈಸೂರು ಸರ್ಕಾರದ ಮುದ್ರೆಯಿರುವ ಬಟ್ಟೆ ಅದಕ್ಕಿಂತ ಹಿಂದಿನದೆಂದು ಭಾವಿಸಬಹುದು. ಗಜ ಮತ್ತು ಇಂಚುಗಳಲ್ಲಿ ಅಳತೆ ಮುದ್ರಿಸಿದ್ದರೆ, 1956ರ ಕಾಯಿದೆಯ ಮೂಲಕ ಮೆಟ್ರಿಕ್ ಪದ್ಧತಿ ನೆಲೆಗೊಳ್ಳುವ ಮೊದಲಿನ ಬಟ್ಟೆಯಾಗಿರುವ ಸಂಭವ ಹೆಚ್ಚು.

• ಗುಣಮಟ್ಟದ ಗುರುತು: ಸಿಲ್ಕ್ ಮಾರ್ಕ್ 2004ರಲ್ಲಿ, ಹ್ಯಾಂಡ್‌ಲೂಮ್ ಮಾರ್ಕ್ 2006ರಲ್ಲಿ ಜಾರಿಗೆ ಬಂದವು. ಇವುಗಳಿರುವ ಬಟ್ಟೆ ಅದಕ್ಕಿಂತ ಹಳೆಯದಲ್ಲ.

• ನೂಲು: ನೈಲಾನ್ 1930ರ ದಶಕದ, ಪಾಲಿಯೆಸ್ಟರ್ 1940ರ ದಶಕದ ಆವಿಷ್ಕಾರಗಳು. ಟೆರಿಲಿನ್, ಟೆರಿಕಾಟ್ ಬಟ್ಟೆಗಳು ಭಾರತದ ಮಧ್ಯಮವರ್ಗದ ಮನೆಗಳಿಗೆ ಬಂದದ್ದು 1960ರ ದಶಕದಿಂದೀಚೆಗೆ. ಬಟ್ಟೆಯ ಅಂಚಿನಿಂದ ಒಂದು ಎಳೆ ತೆಗೆದು ಸುಟ್ಟರೆ ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು ಪುಡಿಯಾಗುವ ಬೂದಿಯಾಗುತ್ತದೆ. ಹತ್ತಿ ಕಾಗದದಂತೆ ಉರಿಯುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿಯಾದ ಮಣಿಯಾಗುತ್ತದೆ.

• ಬಣ್ಣ: ಮಂಕಾದ ಬಣ್ಣವಿರುವ ಹಳೆಯ ಸೀರೆಗಳೆಲ್ಲ ಸಸ್ಯಮೂಲದ ಬಣ್ಣದವು ಎಂಬ ಗ್ರಹಿಕೆ ಸರಿಯಲ್ಲ. ಮೊದಲ ಕೃತಕ ಬಣ್ಣ 1856ರಲ್ಲಿ ಇಂಗ್ಲೆಂಡಿನಲ್ಲಿ ತಯಾರಾಯಿತು. ಕೃತಕ ನೀಲಿ 1897ರಲ್ಲಿ ಮಾರುಕಟ್ಟೆಗೆ ಬಂದಿತು. ಆದ್ದರಿಂದ 20ನೇ ಶತಮಾನದ ಸೀರೆಗಳಲ್ಲಿ ರಾಸಾಯನಿಕ ಬಣ್ಣಗಳಿರುವುದು ಸಹಜ.

• ಜರಿ: ಹಳೆಯ ಅಸಲಿ ಜರಿಯಲ್ಲಿ ನೂಲಿನ ಮೇಲೆ ಬೆಳ್ಳಿಯ ತಂತಿಯನ್ನು ಸುತ್ತಿ ಚಿನ್ನದ ಲೇಪ ಕೊಟ್ಟಿರುತ್ತಾರೆ. ಅದು ಕಾಲಕ್ರಮದಲ್ಲಿ ಕಪ್ಪಾಗುತ್ತದೆ. ಲೋಹಲೇಪಿತ ಪ್ಲಾಸ್ಟಿಕ್ ಜರಿ ಹೆಚ್ಚು ಹೊಳೆಯುತ್ತದೆಯಾದರೂ ಬೆಳ್ಳಿಯಂತೆ ಕಪ್ಪಾಗುವುದಿಲ್ಲ.

• ಹೊಲಿಗೆ: ಸೀರೆಯ ಅಡಿಯಂಚಿಗೆ ಹಚ್ಚಿದ ಫಾಲ್ ಅನೇಕ ವೇಳೆ ಸೀರೆಗಿಂತ ಹೊಸದು. ಅದರಿಂದ ಸೀರೆಯ ವಯಸ್ಸನ್ನು ನಿರ್ಣಯಿಸಬಾರದು.

ಉಡುವ ಮೊದಲು ಪರೀಕ್ಷೆ

ಹಳೆಯ ಸೀರೆಯನ್ನು ಉಡಬಹುದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಅದರ ವಯಸ್ಸಲ್ಲ, ಅದರ ಬಲ. ಸೀರೆಯನ್ನು ಬೆಳಕಿಗೆ ಅಡ್ಡಲಾಗಿ ಹಿಡಿದರೆ ಸವೆದ ಭಾಗಗಳೂ ತೂತುಗಳೂ ಕಾಣುತ್ತವೆ. ಹಲವು ವರ್ಷ ಒಂದೇ ಮಡಿಕೆಯಲ್ಲಿ ಇಟ್ಟ ರೇಷ್ಮೆ ಆ ಮಡಿಕೆಯ ಗೆರೆಯಲ್ಲಿಯೇ ಸೀಳುವುದರಿಂದ ಅಲ್ಲಿ ಮೃದುವಾಗಿ ಎಳೆದು ನೋಡಬೇಕು. ಎಳೆದಾಗ ಸಣ್ಣ ಸದ್ದಿನೊಡನೆ ನೂಲು ಬಿಟ್ಟುಕೊಂಡರೆ ಆ ಸೀರೆ ಉಡಲು ಯೋಗ್ಯವಲ್ಲ. ಅದನ್ನು ಅಗಲವಾಗಿ ಸುತ್ತಿಟ್ಟು ಕಾಪಾಡಬಹುದು, ಇಲ್ಲವೆ ಗಟ್ಟಿಯಾಗಿ ಉಳಿದ ಭಾಗವನ್ನು ಬೇರೆ ಉಪಯೋಗಕ್ಕೆ ತರಬಹುದು.

ಉಡುಪುಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿಕೊಳ್ಳುವುದು ಅನುಕೂಲಕರ. ಗಟ್ಟಿಯಾದ ಹತ್ತಿ, ಖಾದಿ ಮತ್ತು ಕ್ರೇಪ್ ರೇಷ್ಮೆಗಳು ನಿತ್ಯದ ಉಡುಗೆಗೆ ಸೇರುತ್ತವೆ. ಭಾರದ ಜರಿಯ ಸೀರೆಗಳು ವರ್ಷಕ್ಕೆ ಒಂದೆರಡು ಬಾರಿ ಉಡುವಂಥವು. ಸೀಳಲಾರಂಭಿಸಿದ ಅಥವಾ ಅಪರೂಪದ ನೇಯ್ಗೆಯ ಸೀರೆಗಳನ್ನು ಉಡದೆ ಉಳಿಸುವುದು ಲೇಸು.

ದಿನಬಳಕೆಯಲ್ಲಿ ಹೊಂದಿಸುವ ಕ್ರಮ

ಹಳೆಯ ಸೀರೆಯೊಡನೆ ಬಂದ ರವಿಕೆ ಇಂದಿನವರಿಗೆ ಹಿಡಿಯುವುದು ವಿರಳ. ಹಳೆಯ ರವಿಕೆಯನ್ನು ಬಿಚ್ಚಿ ಹೊಲಿಸುವ ಬದಲು, ಅದನ್ನು ಅಳತೆ ಮತ್ತು ಮಾದರಿಗಾಗಿ ಇಟ್ಟುಕೊಂಡು ಹೊಸ ಹತ್ತಿ ಬಟ್ಟೆಯಲ್ಲಿ ಹೊಲಿಸುವುದು ಉತ್ತಮ. ಬೆವರು ತಗಲುವ ಭಾಗ ರವಿಕೆಯೇ ಆದುದರಿಂದ ಹೊಸ ಬಟ್ಟೆ ಅದನ್ನು ಹೀರಿಕೊಂಡು ಹಳೆಯ ಸೀರೆಯನ್ನು ಕಾಯುತ್ತದೆ. ಗುಳೇದಗುಡ್ಡದ ಖಣದ ರವಿಕೆ ಸಾದಾ ಒಡಲಿನ ಹಳೆಯ ಸೀರೆಗಳಿಗೆ ಚೆನ್ನಾಗಿ ಹೊಂದುತ್ತದೆ.

ಹಳೆಯ ಉಡುಪನ್ನು ತಲೆಯಿಂದ ಕಾಲಿನವರೆಗೆ ಒಂದೇ ಕಾಲದ್ದಾಗಿ ತೊಟ್ಟರೆ ಅದು ನಾಟಕದ ವೇಷದಂತೆ ತೋರುವ ಸಾಧ್ಯತೆಯಿದೆ. ನಿತ್ಯದ ಬಳಕೆಯಲ್ಲಿ ಒಂದೋ ಎರಡೋ ಹಳೆಯ ವಸ್ತುಗಳನ್ನು ಇಂದಿನ ಉಡುಪಿನೊಡನೆ ಸೇರಿಸುವುದು ರೂಢಿ. ಹಳೆಯ ಹತ್ತಿ ಸೀರೆಗೆ ಸಾದಾ ಹೊಸ ರವಿಕೆ, ಅಜ್ಜನ ಶಲ್ಯಕ್ಕೆ ಇಂದಿನ ಜುಬ್ಬಾ, ಚೂಡಿದಾರದ ಮೇಲೆ ಹಳೆಯ ರೇಷ್ಮೆಯ ದುಪಟ್ಟಾ ಇಂತಹ ಹೊಂದಾಣಿಕೆಗಳು ಸಾಮಾನ್ಯ. ಸೀರೆಯ ಸೆರಗನ್ನು ಪಿನ್ನಿನಿಂದ ಸಿಕ್ಕಿಸುವಾಗ ಪಿನ್ನನ್ನು ಸೀರೆಯ ಒಂಟಿ ಪದರಕ್ಕೆ ಚುಚ್ಚದೆ ಹಲವು ಪದರಗಳನ್ನು ಸೇರಿಸಿ ಹಾಕಬೇಕು. ಉಟ್ಟು ಕಳಚಿದ ಕೂಡಲೆ ತೆಗೆಯದಿದ್ದರೆ ತೇವದ ಹವೆಯಲ್ಲಿ ಪಿನ್ನು ತುಕ್ಕು ಹಿಡಿದು ಬಟ್ಟೆಯ ಮೇಲೆ ಹೋಗದ ಕಲೆ ಉಳಿಯುತ್ತದೆ.

ಋತುವಿಗೆ ತಕ್ಕ ಆಯ್ಕೆಯೂ ಮುಖ್ಯ. ಮಳೆಗಾಲದಲ್ಲಿ ಜರಿಯ ಸೀರೆಯನ್ನು ಹೊರಗೆ ಉಡುವುದು ಸರಿಯಲ್ಲ. ಆಗ ಬೇಗ ಒಣಗುವ ತೆಳು ಹತ್ತಿ ಒಳ್ಳೆಯದು. ಅರೇಬಿಕಾ ಕೊಯ್ಲು ನಡೆಯುವ ನವೆಂಬರ್‌ನಿಂದ ಜನವರಿವರೆಗಿನ ಕಾಲದಲ್ಲಿ ಕಾಫಿ ಹಣ್ಣಿನ ರಸ ಬಟ್ಟೆಗೆ ತಾಗಿ ಕಲೆಯಾಗುತ್ತದೆ. ಒಳ್ಳೆಯ ಹಳೆಯ ಉಡುಪುಗಳಿಗೆ ಕೊಯ್ಲು ಮುಗಿದ ಮೇಲಿನ ಒಣ ತಿಂಗಳುಗಳು ತಕ್ಕವು.

ತೋಟದ ಕೆಲಸದಲ್ಲಿ ಹಳೆಯ ಬಟ್ಟೆಯ ಬಳಕೆ ಇನ್ನೊಂದು ಬಗೆಯದು. ಮಹಿಳೆಯರು ಸೀರೆಯ ಮೇಲೆ ಪುರುಷರ ಹಳೆಯ ತುಂಬುತೋಳಿನ ಅಂಗಿಯನ್ನು ತೊಟ್ಟು, ತಲೆಗೆ ಹಳೆಯ ಸೀರೆಯ ತುಂಡನ್ನು ಕಟ್ಟಿಕೊಳ್ಳುತ್ತಾರೆ. ಇದು ಗಿಡದ ರೆಂಬೆಗಳ ಗೀರು, ಇರುವೆ, ಸೊಳ್ಳೆ ಮತ್ತು ಬಿಸಿಲಿನಿಂದ ಮೈಯನ್ನು ರಕ್ಷಿಸುತ್ತದೆ. ಹಲವು ಬಾರಿ ಒಗೆದು ಮೃದುವಾದ ಹತ್ತಿ ಬಟ್ಟೆ ಬೆವರನ್ನು ಚೆನ್ನಾಗಿ ಹೀರುವುದರಿಂದ ಈ ಕೆಲಸಕ್ಕೆ ಹೊಸ ಬಟ್ಟೆಗಿಂತ ಹಳೆಯದೇ ಅನುಕೂಲ.

ಒಡವೆ ಮತ್ತು ಹೂವು

ಕರ್ನಾಟಕದ ಹಳೆಯ ಒಡವೆಗಳಲ್ಲಿ ಕೊರಳಿಗೆ ಅಡ್ಡಿಕೆ, ಕಾಸಿನ ಸರ, ಅವಲಕ್ಕಿ ಸರ, ಹವಳದ ಸರ, ಕಿವಿಗೆ ಬೆಂಡೋಲೆ, ಬುಗುಡಿ, ಜುಮುಕಿ, ತೋಳಿಗೆ ವಂಕಿ, ಸೊಂಟಕ್ಕೆ ಡಾಬು, ಜಡೆಗೆ ರಾಗಟೆ ಮತ್ತು ಜಡೆಬಿಲ್ಲೆ ಪ್ರಸಿದ್ಧ. ಕಿವಿಯ ಮೇಲ್ಭಾಗಕ್ಕೆ ಚುಚ್ಚಿಸಿಕೊಳ್ಳುವ ರೂಢಿ ಕಡಿಮೆಯಾದುದರಿಂದ ಬುಗುಡಿಯಂತಹವು ಬಳಕೆ ತಪ್ಪಿವೆ. ನಿತ್ಯದ ಉಡುಗೆಗೆ ಒಂದು ಹಳೆಯ ಒಡವೆ ಸಾಕಾಗುತ್ತದೆ. ಮೊನಚಾದ ಅಂಚುಳ್ಳ ವಂಕಿ ಮತ್ತು ಡಾಬುಗಳು ಹಳೆಯ ರೇಷ್ಮೆಯ ಎಳೆಗಳನ್ನು ಕೀಳುವುದರಿಂದ ಅವನ್ನು ದುರ್ಬಲ ಸೀರೆಯ ಮೇಲೆ ಧರಿಸಬಾರದು.

ಹೂವು ಮಲೆನಾಡಿನ ಅಲಂಕಾರದ ಅವಿಭಾಜ್ಯ ಅಂಗ. ಸುರಗಿ, ರೆಂಜೆ, ಸಂಪಿಗೆ, ಸೇವಂತಿಗೆಗಳ ಜೊತೆಗೆ ಮಳೆಗಾಲದಲ್ಲಿ ಅರಳುವ ಡೇರೆ ಹೂವನ್ನು ಮುಡಿಯುವುದು ಇಲ್ಲಿನ ವಿಶೇಷ. ಸುರಗಿ ಮತ್ತು ರೆಂಜೆಗಳು ಒಣಗಿದ ಮೇಲೂ ಪರಿಮಳ ಉಳಿಸಿಕೊಳ್ಳುತ್ತವೆ. ಸುಗಂಧದ್ರವ್ಯವನ್ನು ನೇರವಾಗಿ ಸೀರೆಗೆ ಸಿಂಪಡಿಸಿದರೆ ರೇಷ್ಮೆಗೆ ಕಲೆಯಾಗಿ ಜರಿ ಕಪ್ಪಾಗಬಹುದಾದುದರಿಂದ, ಹಳೆಯ ಸೀರೆ ಉಟ್ಟಾಗ ಹೂವೇ ಯೋಗ್ಯವಾದ ಪರಿಮಳ.

ಸಂರಕ್ಷಣೆ

ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 65ನ್ನು ಮೀರಿದಾಗ ಬಟ್ಟೆಯ ಮೇಲೆ ಬೂಷ್ಟು ಬೆಳೆಯುವ ಸಾಧ್ಯತೆ ಹೆಚ್ಚುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಈ ಮಿತಿ ವಾರಗಟ್ಟಲೆ ಮೀರಿರುತ್ತದೆ. ಆದ್ದರಿಂದ ಇಲ್ಲಿ ಸಂರಕ್ಷಣೆ ಎಂದರೆ ಮುಖ್ಯವಾಗಿ ತೇವದ ನಿವಾರಣೆ.

ಇಡುವ ಕ್ರಮ: ಸೀರೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಇಡಬಾರದು. ಒಳಗೆ ಸಿಕ್ಕಿಕೊಂಡ ತೇವ ಹೊರಹೋಗದೆ ಬೂಷ್ಟು ಹಿಡಿಯುತ್ತದೆ. ಒಗೆದು ಗಂಜಿ ತೆಗೆದ ಬಿಳಿಯ ಹತ್ತಿ ಬಟ್ಟೆಯಲ್ಲಿ ಸುತ್ತಿಡುವುದು ಸೂಕ್ತ. ಪೆಟ್ಟಿಗೆಯನ್ನು ನೆಲಕ್ಕೂ ಹೊರಗೋಡೆಗೂ ತಾಗದಂತೆ ಇಡಬೇಕು. ಭಾರದ ಜರಿಯ ಸೀರೆಗಳನ್ನು ಹ್ಯಾಂಗರ್‌ಗೆ ತೂಗುಹಾಕಿದರೆ ತಮ್ಮ ಭಾರದಿಂದಲೇ ಅವು ಸೀಳುತ್ತವೆ. ಮೂರು ನಾಲ್ಕು ತಿಂಗಳಿಗೊಮ್ಮೆ ತೆಗೆದು, ಮೊದಲಿನ ಗೆರೆಯ ಮೇಲೆ ಬೀಳದಂತೆ ಮಡಿಕೆ ಬದಲಿಸಬೇಕು.

ಗಾಳಿಗೆ ಹಾಕುವುದು: ಮಳೆಗಾಲ ಆರಂಭವಾಗುವ ಮೊದಲು ಮತ್ತು ಮುಗಿದ ಕೂಡಲೆ ಎಲ್ಲ ಉಡುಪುಗಳನ್ನೂ ಗಾಳಿಗೆ ಹಾಕುವುದು ಅವಶ್ಯ. ಕಾಫಿ ಒಣಗಿಸುವ ಕಣದ ನೇರ ಬಿಸಿಲು ಬಣ್ಣವನ್ನು ಮಾಸಿಸುವುದರಿಂದ ಜಗಲಿಯ ನೆರಳಿನಲ್ಲಿ ಹರವುವುದು ಸರಿ. ಮಳೆಗಾಲದಲ್ಲಿ ಒದ್ದೆ ಬಟ್ಟೆಗಳನ್ನು ಬಚ್ಚಲೊಲೆಯ ಮೇಲಿನ ಗಳಕ್ಕೆ ಹಾಕಿ ಒಣಗಿಸುವ ರೂಢಿಯಿದೆ. ಹೊಗೆಯ ಮಸಿ ಮತ್ತು ಶಾಖ ಜರಿಗೂ ರೇಷ್ಮೆಗೂ ಹಾನಿಕರವಾದುದರಿಂದ ಈ ಕ್ರಮ ನಿತ್ಯದ ಹತ್ತಿ ಬಟ್ಟೆಗಳಿಗೆ ಮಾತ್ರ ಸಲ್ಲುತ್ತದೆ.

ಒಗೆತ: ರೇಷ್ಮೆಯನ್ನು ಅಂಟುವಾಳದ ಕಾಯಿಯ ನೊರೆಯಲ್ಲಿ ತಣ್ಣೀರಿನಿಂದ ಒಗೆಯುವುದು ಹಿಂದಿನ ಪದ್ಧತಿ. ಸೋಡಾ ಮತ್ತು ಬಟ್ಟೆ ಸೋಪಿನ ಕ್ಷಾರ ರೇಷ್ಮೆ ಹಾಗೂ ಉಣ್ಣೆಯನ್ನು ದುರ್ಬಲಗೊಳಿಸುತ್ತದೆ. ಅಂಟುವಾಳದಲ್ಲಿ ಆ ದೋಷವಿಲ್ಲ. ಬಣ್ಣ ಬಿಡುತ್ತದೆಯೇ ಎಂಬುದನ್ನು ಮೊದಲು ಒಳಗಿನ ಒಂದು ಮೂಲೆಯನ್ನು ಒದ್ದೆಮಾಡಿ ಬಿಳಿಯ ಬಟ್ಟೆಯಿಂದ ಒತ್ತಿ ನೋಡಬೇಕು. ಬಟ್ಟೆಯನ್ನು ಹಿಂಡದೆ ಮಂದವಾದ ಟವೆಲಿನಲ್ಲಿ ಸುತ್ತಿ ನೀರು ತೆಗೆಯಬೇಕು. ಅಸಲಿ ಜರಿಯ ಸೀರೆಯನ್ನು ಪ್ರತಿ ಬಾರಿ ಉಟ್ಟಾಗ ಒಗೆಯುವ ಅಗತ್ಯವಿಲ್ಲ. ಬೆವರು ಆರುವಂತೆ ಗಾಳಿಗೆ ಹಾಕಿದರೆ ಸಾಕು.

ಹುಳುಗಳ ನಿವಾರಣೆ: ನುಸಿಗುಳಿಗೆಯನ್ನು ಜರಿಗೆ ತಾಗುವಂತೆ ಇಡಬಾರದು. ಅದರ ಆವಿ ಚಿಕ್ಕಮಕ್ಕಳ ಆರೋಗ್ಯಕ್ಕೆ ಅಪಾಯಕಾರಿಯಾದುದರಿಂದ ಶಿಶುಗಳಿಗೆ ಬಳಸುವ ಬಟ್ಟೆಯೊಡನೆ ಇಡಲೇಬಾರದು. ಒಣಗಿದ ಬೇವಿನ ಎಲೆ, ಲಾವಂಚದ ಬೇರು, ಬಜೆ ಇವನ್ನು ಹತ್ತಿಯ ಚಿಕ್ಕ ಚೀಲದಲ್ಲಿ ಕಟ್ಟಿ ಇಡುವುದು ಸಾಂಪ್ರದಾಯಿಕ ಉಪಾಯ. ಇವು ಹುಳುಗಳನ್ನು ದೂರವಿಡಲು ನೆರವಾಗುತ್ತವೆಯೇ ಹೊರತು ಈಗಾಗಲೇ ಇಟ್ಟ ಮೊಟ್ಟೆಗಳನ್ನು ನಾಶಮಾಡುವುದಿಲ್ಲ. ಆದ್ದರಿಂದ ಆಗಾಗ ತೆಗೆದು ಕೊಡವಿ ನೋಡುವುದನ್ನು ಬಿಡುವಂತಿಲ್ಲ.

ದುರಸ್ತಿ ಮತ್ತು ಮರುಬಳಕೆ

ಚಿಕ್ಕ ತೂತುಗಳನ್ನು ಅದೇ ಬಣ್ಣದ ಎಳೆಯಿಂದ ರಫು ಮಾಡಿಸಬಹುದು. ಅಗಲವಾದ ಸವೆತಕ್ಕೆ ಒಳಗಡೆಯಿಂದ ತೆಳು ಬಟ್ಟೆಯ ಆಸರೆ ಕೊಟ್ಟು ಹೊಲಿಯುತ್ತಾರೆ. ಒಡಲು ಹಾಳಾಗಿ ಅಂಚು ಗಟ್ಟಿಯಾಗಿದ್ದರೆ ಅಂಚನ್ನು ಬಿಡಿಸಿ ಹೊಸ ಒಡಲಿಗೆ ಜೋಡಿಸುವುದುಂಟು. ಹೆಣ್ಣುಮಕ್ಕಳ ಲಂಗ, ರವಿಕೆ, ದಿಂಬಿನ ಚೀಲ, ದೇವರ ಮಂಟಪದ ಪರದೆ ಇವು ಹಳೆಯ ರೇಷ್ಮೆಯ ಇತರ ರೂಪಗಳು. ಇಡೀ ಸೀರೆ ಗಟ್ಟಿಯಾಗಿರುವಾಗ ಅದನ್ನು ಕತ್ತರಿಸಿ ಬೇರೆ ಉಡುಪು ಹೊಲಿಸುವುದರಿಂದ ನೇಯ್ಗೆಯ ಪೂರ್ಣ ವಿನ್ಯಾಸ ಶಾಶ್ವತವಾಗಿ ನಷ್ಟವಾಗುತ್ತದೆ.

ಮೃದುವಾದ ಹತ್ತಿ ಸೀರೆ ಮನೆಗಳಲ್ಲಿ ತೊಟ್ಟಿಲ ಜೋಲಿಯಾಗಿ, ಬಾಣಂತಿ ಮತ್ತು ಶಿಶುವಿನ ಹೊದಿಕೆಯಾಗಿ ಬಳಕೆಯಾಗುತ್ತದೆ. ಹಲವು ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೈಹೊಲಿಗೆ ಹಾಕಿದರೆ ಕೌದಿಯಾಗುತ್ತದೆ. ಕೌದಿ ಉತ್ತರ ಕರ್ನಾಟಕದಲ್ಲಿ ವ್ಯಾಪಕ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಸಮುದಾಯದ ಮಹಿಳೆಯರು ಹೊಲಿಯುವ ಕೌದಿಗಳು ದೇಶದ ಹೊರಗೂ ಹೆಸರು ಪಡೆದಿವೆ. ಅವುಗಳ ಮೂಲೆಗಳಲ್ಲಿ ಬಟ್ಟೆಯ ತ್ರಿಕೋನಗಳನ್ನು ಹೂವಿನಂತೆ ಸೇರಿಸಿದ ಮೇಲೆಯೇ ಹೊಲಿಗೆ ಪೂರ್ಣವಾಯಿತೆಂದು ಅವರು ಭಾವಿಸುತ್ತಾರೆ.

ಬಟ್ಟೆಯನ್ನು ಹೀಗೆ ಮತ್ತೆ ಮತ್ತೆ ಬಳಸುವುದು ಕೊರತೆಯ ಕಾಲದಲ್ಲಿ ಬೇರೆ ದೇಶಗಳಲ್ಲಿಯೂ ನಡೆದಿದೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ 1941ರ ಜೂನ್‌ನಲ್ಲಿ ಉಡುಪಿಗೆ ಪಡಿತರ ಜಾರಿಗೊಳಿಸಿ, ಹಳೆಯದನ್ನು ತಿದ್ದಿ ತೊಡುವಂತೆ ಜನರಲ್ಲಿ ಪ್ರಚಾರ ಮಾಡಿತು. ಭಾರತದಲ್ಲಿಯೂ 1943ರಲ್ಲಿ ಹತ್ತಿ ಬಟ್ಟೆ ಮತ್ತು ನೂಲಿನ ನಿಯಂತ್ರಣ ಆದೇಶ ಹೊರಟಿತು.

ನಷ್ಟದ ಕಾರಣಗಳು

ಹಳೆಯ ಉಡುಪುಗಳು ನಾಶವಾಗುವುದು ತೇವ ಮತ್ತು ಹುಳುಗಳಿಂದ ಮಾತ್ರವಲ್ಲ. ಹಳೆಯ ಜರಿ ಸೀರೆಗಳನ್ನು ಕೊಳ್ಳುವ ವ್ಯಾಪಾರಿಗಳು ಊರೂರು ಸುತ್ತಿ ಅವನ್ನು ತೂಕದ ಅಥವಾ ಜರಿಯ ಅಂದಾಜಿನ ಮೇಲೆ ಖರೀದಿಸುತ್ತಾರೆ. ಇಂತಹ ಸೀರೆಗಳ ಜರಿಯನ್ನು ಸುಟ್ಟು ಬೆಳ್ಳಿಯನ್ನು ಬೇರ್ಪಡಿಸುತ್ತಾರೆ. ಅಲ್ಲಿಗೆ ಸೀರೆಯ ನೇಯ್ಗೆ, ಅಂಚಿನ ವಿನ್ಯಾಸ, ಬಣ್ಣದ ಸಂಯೋಜನೆ ಎಲ್ಲವೂ ಕೊನೆಗೊಳ್ಳುತ್ತವೆ. ಆ ಮಾದರಿಯನ್ನು ನೇಯುವ ಮಗ್ಗ ಉಳಿದಿಲ್ಲದಿದ್ದರೆ ಅದನ್ನು ಮತ್ತೆ ನೇಯಿಸಲು ನೋಡಿಕೊಳ್ಳಬೇಕಾದ ಆಧಾರವೂ ಇಲ್ಲವಾಗುತ್ತದೆ. ಹತ್ತಿ ಬಟ್ಟೆಗಳನ್ನು ಸ್ಟೀಲ್ ಪಾತ್ರೆಗಳಿಗೆ ವಿನಿಮಯ ಮಾಡಿಕೊಳ್ಳುವ ರೂಢಿಯೂ ಇದೆ.

ಹಣದ ಅಗತ್ಯವಿರುವ ಮನೆಗೆ ಈ ಮಾರಾಟ ನೆರವಾಗುತ್ತದೆ ಎಂಬುದು ನಿಜ. ಆದರೆ ಸೀರೆಗೆ ಸಿಗುವ ಬೆಲೆ ಬೆಳ್ಳಿಯದೇ ಹೊರತು ನೇಯ್ಗೆಯದಲ್ಲ. ಮಾರಲೇಬೇಕಾದಾಗ ಸೀರೆಯ ಒಡಲು, ಅಂಚು ಮತ್ತು ಸೆರಗುಗಳ 3 ಸ್ಪಷ್ಟ ಛಾಯಾಚಿತ್ರಗಳನ್ನು ತೆಗೆದು, ಅಳತೆ ಮತ್ತು ಗೊತ್ತಿರುವ ವಿವರಗಳನ್ನು ಬರೆದಿಟ್ಟುಕೊಂಡರೆ ವಿನ್ಯಾಸದ ದಾಖಲೆಯಾದರೂ ಉಳಿಯುತ್ತದೆ.

ಸಾಮಾಜಿಕ ದೃಷ್ಟಿ

ಹಳೆಯ ಬಟ್ಟೆಯ ಬಗೆಗಿನ ಭಾವನೆ ಎಲ್ಲರಲ್ಲಿಯೂ ಒಂದೇ ಬಗೆಯದಲ್ಲ. ಕೆಲವು ಸಮುದಾಯಗಳಲ್ಲಿ ಮೃತರ ಬಟ್ಟೆಗಳನ್ನು ದಾನ ಮಾಡುವ ಅಥವಾ ವಿಸರ್ಜಿಸುವ ಪದ್ಧತಿಯಿದ್ದು, ಅವನ್ನು ಉಡುವುದು ನಿಷಿದ್ಧ. ಇನ್ನು ಕೆಲವು ಮನೆಗಳಲ್ಲಿ ತಾಯಿಯ ಸೀರೆಗಳನ್ನು ಹೆಣ್ಣುಮಕ್ಕಳೂ ಸೊಸೆಯಂದಿರೂ ಹಂಚಿಕೊಂಡು ಉಡುವುದೇ ಗೌರವ. ಬೇರೆಯವರು ಉಟ್ಟು ಬಿಟ್ಟ ಬಟ್ಟೆಯನ್ನೇ ತೊಡಬೇಕಾಗಿ ಬಂದವರಿಗೆ ಅದು ಬಡತನದ ಗುರುತಾಗಿತ್ತು. ಅವರ ಮಕ್ಕಳು ಹೊಸ ಬಟ್ಟೆಯನ್ನು ಬಯಸುವುದು ಸಹಜ. ಆದ್ದರಿಂದ ಹಳೆಯ ಉಡುಪನ್ನು ಆಯ್ದು ತೊಡುವುದಕ್ಕೂ ಅನಿವಾರ್ಯವಾಗಿ ತೊಡುವುದಕ್ಕೂ ಇರುವ ಅಂತರವನ್ನು ಈ ವಿಷಯದ ಅಧ್ಯಯನದಲ್ಲಿ ಗಮನಿಸಬೇಕಾಗುತ್ತದೆ.

ಮಂಗಳೂರಿನಲ್ಲಿ 1903ರಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರು ಸ್ವಾತಂತ್ರ್ಯಾನಂತರ ದೇಶದ ಕೈಮಗ್ಗ ಮತ್ತು ಕರಕುಶಲ ಕಲೆಗಳ ಪುನರುಜ್ಜೀವನಕ್ಕೆ ಶ್ರಮಿಸಿದರು. 2015ರಿಂದ ಆಗಸ್ಟ್ 7ನ್ನು ರಾಷ್ಟ್ರೀಯ ಕೈಮಗ್ಗ ದಿನವಾಗಿ ಆಚರಿಸಲಾಗುತ್ತಿದೆ. ನಿಂತುಹೋದ ಮಾದರಿಗಳನ್ನು ಮತ್ತೆ ನೇಯಲು ಮುಂದಾಗುವ ನೇಕಾರರಿಗೆ ಮನೆಗಳಲ್ಲಿ ಉಳಿದ ಹಳೆಯ ಸೀರೆಗಳೇ ಹಲವು ವೇಳೆ ಮೂಲ ಮಾದರಿಗಳಾಗುತ್ತವೆ. ಈ ಕಾರಣದಿಂದ ಮಲೆನಾಡಿನ ಒಂದು ಮನೆಯ ಪೆಟ್ಟಿಗೆಯಲ್ಲಿ ಸುಸ್ಥಿತಿಯಲ್ಲಿ ಉಳಿದ ಸೀರೆಗೆ ಆ ಮನೆಯ ನೆನಪನ್ನು ಮೀರಿದ ಮಹತ್ವವಿದೆ.